ಕೇಳಿದ್ದಕ್ಕೆಲ್ಲ ಹೂಂ

ಮಾರ್ಚ್ 3, ಸೋಮವಾರ

ಇವತ್ತು ಚಮಚದ ಮೇಲೆ ಬೋಳುತಲೆ ಬಂತು.

ಹೊಸ ನೋಟ್‌ಬುಕ್ಕಿನ ಮೊದಲ ಸಾಲು ಇದಾಗುತ್ತದೆಂದು ಎಣಿಸಿರಲಿಲ್ಲ. ಮಾತು ಕಲಿಸುವ ಮೇಡಂ ಹೋದ ವಾರ ನನ್ನ ಮುಖ ನೋಡಿ, "ಅವರಿಗೆ ನಾನಿದ್ದೀನಿ. ನೀವೂ ಮನಸ್ಸಿನ ಭಾರ ಎಲ್ಲಾದ್ರೂ ಇಳಿಸ್ಕೊಳ್ಳಿ, ಒಂದು ಪುಸ್ತಕದಲ್ಲಾದ್ರೂ ಸರಿ" ಅಂದರು. ನಮ್ಮ ಮನೆಯವರು ಮಧ್ಯಾಹ್ನ ಮಲಗಿದ ಮೇಲೆ ಮುಕ್ಕಾಲು ಗಂಟೆ ನನ್ನದು. ಅದರಲ್ಲಿ ಬರೆಯುತ್ತಿದ್ದೇನೆ.

ಇವರಿಗೆ ಪಾರ್ಶ್ವವಾಯು ಬಡಿದು ಎಂಟು ವಾರವಾಗುತ್ತ ಬಂತು. ಬಲಗಾಲು ಮುಕ್ಕಾಲು ಭಾಗ ವಾಪಸು ಬಂದಿದೆ, ಬಲಗೈ ಅರ್ಧ ಬಂದಿದೆ, ಮಾತು ಮಾತ್ರ ಹೋದದ್ದು ಹೋದ ಹಾಗೇ ಇದೆ. ಇಪ್ಪತ್ತೆರಡು ವರ್ಷ ಡ್ರೈವಿಂಗ್ ಸ್ಕೂಲಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ಕೂಗಿದ ಮನುಷ್ಯ. ಈಗ ಉಳಿದಿರುವುದು ಒಂದೇ ಮಾತು: "ಹೂಂ." ಹಸಿವಾ ಅಂದರೆ ಹೂಂ. ಸಾಕಾ ಅಂದರೆ ಹೂಂ.

ಮೇಡಂ ಲ್ಯಾಪ್‌ಟಾಪಿನಲ್ಲಿ ಒಂದು ವೆಬ್‌ಸೈಟು ತೋರಿಸಿಕೊಟ್ಟಿದ್ದಾರೆ. ಪರದೆಯ ಮೇಲೆ ಒಂದೊಂದೇ ಚಿತ್ರ ಬರುತ್ತದೆ, ಇವರು ಅದರ ಹೆಸರು ಹೇಳಲು ಪ್ರಯತ್ನಿಸಬೇಕು. ಕೊಡೆ, ಬೀಗ, ಕತ್ತರಿ. ದಿನಕ್ಕೆ ಇಪ್ಪತ್ತು. ಇವತ್ತು ಚಮಚ ಬಂದಾಗ ಇವರ ತುಟಿ "ಚ" ಅನ್ನುವ ಆಕಾರಕ್ಕೆ ಬಂದಿತ್ತು, ಅದನ್ನು ನಾನೇ ನೋಡಿದೆ. ಅಷ್ಟರಲ್ಲಿ ಚಮಚವನ್ನು ಮುಚ್ಚಿಕೊಂಡು ಕೂದಲು ಬೆಳೆಸುವ ಎಣ್ಣೆಯ ಜಾಹೀರಾತು ಬಿಚ್ಚಿಕೊಂಡಿತು. ಮೊದಲು ಬೋಳುತಲೆ, ಆಮೇಲೆ ಸಿಂಹದಂಥ ಕೂದಲು. ಮುಚ್ಚುವ ಗುರುತು ಹುಡುಕಿ ಒತ್ತುವಷ್ಟರಲ್ಲಿ ಇವರ ತುಟಿ ಸಡಿಲವಾಗಿತ್ತು.

"ಚಮಚ, ಅಲ್ವಾ?" ಅಂದೆ.

"ಹೂಂ."

ಮುಂದಿನ ಚಿತ್ರಕ್ಕೆ ಹೋದೆ.


ಮಾರ್ಚ್ 6, ಗುರುವಾರ

ಜಾಹೀರಾತು ಒಂದೆರಡು ಅಂದುಕೊಂಡದ್ದು ಈಗ ಜಾತ್ರೆಯಾಗಿದೆ. ಬಲ ಮೂಲೆಯಲ್ಲಿ ಮಂಡಿ ನೋವಿನ ಪಟ್ಟಿ. ಎಡಕ್ಕೆ ಹಲ್ಲು ತೋರಿಸುವ ಹೆಂಗಸು. "ಅಭಿನಂದನೆಗಳು, ನೀವು ಗೆದ್ದಿದ್ದೀರಿ" ಎಂದು ಒಂದು ಪೆಟ್ಟಿಗೆ ಕುಣಿಯುತ್ತದೆ. ಏನು ಗೆದ್ದೆವೋ ದೇವರಿಗೇ ಗೊತ್ತು.

ಇವರು ಎಡಗೈಯಿಂದ ಮುಂದಿನ ಚಿತ್ರದ ಬಾಣ ಒತ್ತಿದರೆ ಬೇರೆಯೇ ಪುಟ ತೆರೆದುಕೊಳ್ಳುತ್ತದೆ. ಈಜುಕೊಳವಿರುವ ಮನೆ. ಇವರು ಆ ಮನೆಯನ್ನು ನೋಡುತ್ತಾರೆ, ನನ್ನನ್ನು ನೋಡುತ್ತಾರೆ, ತಾನೇನೋ ತಪ್ಪು ಮಾಡಿದೆ ಅನ್ನುವ ಹಾಗೆ ಕೈ ಹಿಂದಕ್ಕೆ ತೆಗೆದು ಮಡಿಲಲ್ಲಿಟ್ಟುಕೊಳ್ಳುತ್ತಾರೆ.

ಯಾವುದೋ ವೀಡಿಯೊ ನೋಡಿ ಬ್ರೌಸರ್‌ನ ಸೆಟ್ಟಿಂಗ್ಸಿಗೆ ಹೋದೆ. ಅಲ್ಲಿ ಗುರುತಿಲ್ಲದ ಒಂದು ಹೆಸರಿತ್ತು, ತೆಗೆದುಹಾಕು ಎಂದು ಒತ್ತಿದೆ. ಹೋಯಿತು. ಹದಿನೈದು ಚಿತ್ರ ನೆಮ್ಮದಿಯಾಗಿ ಮುಗಿದವು. ಊಟವಾದ ಮೇಲೆ ಮತ್ತೆ ಆನ್ ಮಾಡಿದರೆ ಅದೇ ಹೆಸರು ಅದೇ ಜಾಗದಲ್ಲಿ ಕೂತಿದೆ, ಎದ್ದೇ ಹೋಗಿರಲಿಲ್ಲವೇನೋ ಅನ್ನುವ ಹಾಗೆ.

ಕರೆದ ಮಾತು ಬರುವುದಿಲ್ಲ, ಕರೆಯದೆ ಇರುವುದೆಲ್ಲ ಬರುತ್ತದೆ.

ಬೆನ್ನು ನೋಯುತ್ತಿದೆ. ಮಂಡಿ ಪಟ್ಟಿ ಮಾರುವವರಿಗೆ ನನ್ನ ಬೆನ್ನಿನ ವಿಷಯ ಇನ್ನೂ ಗೊತ್ತಾಗಿಲ್ಲ, ಅಷ್ಟು ಪುಣ್ಯ.


ಮಾರ್ಚ್ 11, ಮಂಗಳವಾರ

ಬರೆಯಬಾರದು ಅಂದುಕೊಂಡಿದ್ದೆ. ಬರೆಯುತ್ತೇನೆ.

ಅಡುಗೆಮನೆಯಲ್ಲಿ ಸೂಪು ಕಾಯಿಸುತ್ತಿದ್ದೆ. ಒಳಗಿನಿಂದ ಹೆಣ್ಣಿನ ದನಿಯೊಂದು ಕಿರುಚಿಕೊಂಡಂತೆ ಕೇಳಿತು. ಓಡಿ ಬಂದರೆ ಲ್ಯಾಪ್‌ಟಾಪ್ ಕೆಂಪಗಾಗಿ, "ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಈಗಲೇ ಕರೆ ಮಾಡಿ" ಎಂದು ಕೂಗುತ್ತಿತ್ತು. ಒಂದರ ಮೇಲೊಂದು ಹನ್ನೊಂದು ಪುಟ ತೆರೆದುಕೊಂಡಿದ್ದವು. ಇವರು ಎಡಗೈಯನ್ನು ಕೀಲಿಗಳ ಮೇಲೆ ಅಂಗೈ ಅಗಲಿಸಿ ಒತ್ತಿ ಹಿಡಿದಿದ್ದರು, ಅದರ ಬಾಯಿ ಮುಚ್ಚುವವರ ಹಾಗೆ. ಹಿಂದೆ ಸೂಪು ಉಕ್ಕಿ ಒಲೆಯ ಮೇಲೆ ಸುರಿಯುವ ಸದ್ದು.

"ನೀವೇನಾದ್ರೂ ಒತ್ತಿದ್ರಾ?"

"ಹೂಂ."

"ನಾನಿಲ್ಲದಾಗ ಏನೇನೋ ಒತ್ತಿ ಈ ಹಾಳು ಜಾಹೀರಾತನ್ನೆಲ್ಲ ಒಳಗೆ ಬಿಟ್ಕೊಂಡದ್ದು ನೀವೇನಾ?"

"ಹೂಂ."

"ಎಷ್ಟು ಸಲ ಹೇಳಿದ್ದೀನಿ ಮುಟ್ಟಬೇಡಿ ಅಂತ!"

"ಹೂಂ."

ಆಗ ಅಂದುಬಿಟ್ಟೆ. "ಮಾತು ಹೋಯ್ತು ಸರಿ. ಬುದ್ಧಿನೂ ಹೋಯ್ತಾ ನಿಮ್ದು?"

ಅದಕ್ಕೆ ಹೂಂ ಅನ್ನಲಿಲ್ಲ.

ಲ್ಯಾಪ್‌ಟಾಪ್ ಮುಚ್ಚಿ ಬೀರುವಿನ ಮೇಲೆ, ಕೈಗೆಟುಕದ ಕಡೆ ಇಟ್ಟೆ. ಒಲೆ ಒರೆಸಿದೆ. ಬೆಳಿಗ್ಗೆಯೇ ತೆಗೆದಿಟ್ಟಿದ್ದ ಬೂದು ಶರ್ಟು ತೊಡಿಸಿದೆ. ಇವರು ತೋಳು ಎತ್ತಿ ಅಂದರೆ ಎತ್ತಿದರು, ಇಳಿಸಿ ಅಂದರೆ ಇಳಿಸಿದರು.


ಮಾರ್ಚ್ 14, ಶುಕ್ರವಾರ

ಬಟ್ಟೆ ಒಗೆದೆ. ಬಾತ್‌ರೂಮಿನ ಹಿಡಿಕೆ ಸಡಿಲವಾಗಿದೆ. ಬೇರೇನಿಲ್ಲ.


ಮಾರ್ಚ್ 19, ಬುಧವಾರ

ನಾದಿನಿ ಬಂದಿದ್ದಳು. ಇವರ ಒಬ್ಬಳೇ ತಂಗಿ, ಎರಡು ಬಸ್ಸು ಬದಲಾಯಿಸಿ ಬರಬೇಕು. ಬಂದವಳೇ ಕಿಟಕಿ ಪರದೆ ಸರಿಸಿದಳು, ಅಣ್ಣನ ಉಗುರು ಕತ್ತರಿಸಿದಳು, ನನ್ನನ್ನು ಬಾಲ್ಕನಿಗೆ ಕರೆದಳು.

"ಅತ್ತಿಗೆ, ನಿಮ್ಮ ರಜ ಯಾವಾಗ ಮುಗಿಯತ್ತೆ?"

"ಏಪ್ರಿಲ್ ಇಪ್ಪತ್ತು."

ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಕಣ್ಣು ಪರೀಕ್ಷಿಸುವವಳು ನಾನೊಬ್ಬಳೇ. ಯಜಮಾನಿ ಈಗಾಗಲೇ ಎರಡು ಸಲ ಫೋನು ಮಾಡಿ, ಏನೂ ಕೇಳದೆ, ಬರೀ ಇವರ ಆರೋಗ್ಯ ವಿಚಾರಿಸಿ ಇಟ್ಟಿದ್ದಾರೆ. ಕೇಳದೆ ಕೇಳುವುದು ಅಂದರೆ ಅದೇ.

"ಆಮೇಲೆ ಅಣ್ಣ ಇಡೀ ದಿನ ಒಬ್ಬನೇ ಇರೋಕಾಗತ್ತಾ? ನಮ್ಮನೆಗೆ ಕರ್ಕೊಂಡು ಹೋಗ್ತೀನಿ. ಕೆಳಗಿನ ರೂಮು ಖಾಲಿ ಇದೆ. ನೀವು ಭಾನುವಾರ ಭಾನುವಾರ ಬನ್ನಿ. ನಿಮ್ಮನ್ನ ಕನ್ನಡೀಲಿ ನೋಡ್ಕೊಂಡಿದ್ದೀರಾ? ಅರ್ಧ ಆಗಿದ್ದೀರಿ."

ನಾನು ಬೇಡ ಅನ್ನಬೇಕಿತ್ತು ಅನಿಸುತ್ತದೆ. ಬಾಯಿಗೆ ಬರಲಿಲ್ಲ. ಖಾಲಿ ಮನೆ, ಒಬ್ಬಳೇ, ಬೆಳಿಗ್ಗೆ ಏಳರವರೆಗೆ ನಿದ್ದೆ. ಇಷ್ಟೇ ಕಣ್ಣಿಗೆ ಕಟ್ಟಿದ್ದು.

ಅವಳು ಒಳಗೆ ಹೋಗಿ ಅಣ್ಣನ ಮುಂದೆ ಕೂತು, "ನಮ್ಮನೆಗೆ ಬರ್ತೀಯ ಅಣ್ಣ?" ಅಂದಳು.

"ಹೂಂ."

"ನೋಡಿದ್ರಾ, ಒಪ್ಪಿದ!"

ಏಪ್ರಿಲ್ ಹದಿಮೂರಕ್ಕೆ, ಭಾನುವಾರ, ಕಾರು ಮಾಡಿಕೊಂಡು ಬರುತ್ತಾಳಂತೆ.


ಮಾರ್ಚ್ 24, ಸೋಮವಾರ

ಆಸ್ಪತ್ರೆಯ ಎರಡನೇ ಮಹಡಿ, ಮೇಡಂ ಕೋಣೆ. ಮನೆಯಲ್ಲಿ ಅಭ್ಯಾಸ ನಿಂತು ಎರಡು ವಾರವಾಗಿದೆ ಎಂದು ಒಪ್ಪಿಕೊಳ್ಳಬೇಕಾಯಿತು. ಯಾಕೆ ಅಂದರು. ಜಾಹೀರಾತಿನ ಕಥೆ ಹೇಳಿದೆ. ಇವರೇ ಏನೋ ಒತ್ತಿ ತಂದುಕೊಂಡದ್ದು, ಕೇಳಿದರೆ ಒಪ್ಪಿಕೊಂಡರು ಅಂದೆ.

ಮೇಡಂ ಪೆನ್ನು ಕೆಳಗಿಟ್ಟರು. "ಒಪ್ಪಿಕೊಂಡರು ಅಂದ್ರೆ?"

"ಹೂಂ ಅಂದರು."

ಅವರು ಇವರ ಕಡೆ ತಿರುಗಿ, ಬಹಳ ಮರ್ಯಾದೆಯಿಂದ ಕೇಳಿದರು. "ಸರ್, ಒಂದು ಮಾತು ಕೇಳಲಾ? ನೀವು ಮಹಾರಾಣಿನಾ?"

"ಹೂಂ."

"ನಿಮ್ಮ ತಲೆ ಮೇಲೆ ಎರಡು ಕೊಂಬಿದೆಯಾ?"

"ಹೂಂ." ಅಂದು ಮುಗಿಸಿದ ಮೇಲೆ ಇವರ ಮುಖ ಸಣ್ಣಗಾಯಿತು. ತಾನು ಅಂದದ್ದು ತನಗೇ ಕೇಳಿಸಿತು, ತಪ್ಪು ಎಂದೂ ಗೊತ್ತಾಯಿತು, ತಿದ್ದಲು ಆಗಲಿಲ್ಲ.

"ಅರ್ಥ ಆಗತ್ತೆ ಇವರಿಗೆ, ಬಹುಪಾಲು ಅರ್ಥ ಆಗತ್ತೆ," ಮೇಡಂ ನನಗೆ ಹೇಳಿದರು. "ಉತ್ತರ ಮಾತ್ರ ಒಂದೇ ಬಾಗಿಲಿಂದ ಹೊರಗೆ ಬರ್ತಿದೆ. ಆ ಹೂಂ ನಂಬ್ಕೊಂಡು ಯಾವ ತೀರ್ಮಾನನೂ ಮಾಡಬೇಡಿ. ಬೇಕು ಬೇಡ ಅಂತ ಎರಡು ಚೀಟಿ ಬರೆದು ಮುಂದಿಡಿ. ಕೈ ತೋರಿಸಲಿ. ಕಾಯಿರಿ. ನೀವೇ ಉತ್ತರ ಹೇಳಬೇಡಿ."

ನಾನು ಉತ್ತರ ಹೇಳುತ್ತೇನೆಂದು ಅವರಿಗೆ ಯಾರು ಹೇಳಿದರೋ.

ಬಸ್ಸಿನಲ್ಲಿ ಕುಂಬಳಕಾಯಿ ಕಳ್ಳನ ಗಾದೆ ನೆನಪಾಯಿತು. ಇವರು ಹೆಗಲು ಮುಟ್ಟಿ ನೋಡಿಕೊಂಡದ್ದಕ್ಕೆ ನಾನು ಕಳ್ಳ ಅಂದುಬಿಟ್ಟೆನೋ? ಆದರೂ ಒತ್ತಿರಬಹುದು. ಇವರಲ್ಲದೆ ಇನ್ಯಾರು?


ಮಾರ್ಚ್ 26, ಬುಧವಾರ

ಲಾಂಡ್ರಿ ಪಕ್ಕದ ರಿಪೇರಿ ಅಂಗಡಿಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದೆ. ಮೇಲಿನ ಮನೆಯವರು ಒಂದು ಗಂಟೆ ಇವರ ಜೊತೆ ಕೂತಿರುತ್ತೇನೆ ಅಂದರು.

ಅಂಗಡಿ ಅಂದರೆ ಒಂದು ಉದ್ದನೆ ಮೇಜು, ಗೋಡೆ ತುಂಬ ತಂತಿ, ಐವತ್ತು ದಾಟಿದ ಒಬ್ಬ ಹೆಂಗಸು. ಬೀದಿಯವರೆಲ್ಲ ಡಾಕ್ಟ್ರಮ್ಮ ಅಂತಲೇ ಕರೆಯುತ್ತಾರೆ. ಪರದೆ ನೋಡಲು ಗದ್ದ ಎತ್ತುತ್ತಿದ್ದರು, ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು. ಮೂಗಿನ ಮೇಲೆ ಕೂರುವ ದಿಂಬು ಎರಡೂ ಅಗಲವಾಗಿಬಿಟ್ಟಿದ್ದವು.

"ರೋಗ ಸಾಮಾನ್ಯದ್ದೇ," ಅಂದರು. "ಬ್ರೌಸರ್‌ಗೆ ನಾವೇ ತಗುಲಿಸಿಕೊಳ್ಳೋ ಬಾಲ ಇದು. ಎಕ್ಸ್‌ಟೆನ್ಷನ್ ಅಂತಾರೆ. ಏನೋ ಒಂದು ಕೆಲಸ ಮಾಡಿಕೊಡ್ತೀನಿ ಅಂತ ಬರತ್ತೆ. ತಿಂಗಳು ಸಾಧು ಥರ ಕೂತಿರತ್ತೆ. ಆಮೇಲೆ ನೀವು ನೋಡೋ ಪ್ರತಿ ಪುಟದ ಮೇಲೂ ಅಂಗಡಿ ಹಾಕತ್ತೆ."

"ನಾನು ತೆಗೆದಿದ್ದೆ. ಮತ್ತೆ ಬಂತು."

"ನೀವು ತೆಗೆದದ್ದು ಬಾಲ. ಅಂಟಿಸೋನು ಒಳಗೇ ಇದ್ದಾನೆ. ಜೊತೇಲಿ ಒಂದು ಪ್ರೋಗ್ರಾಂ ಕೂಡ ಬಂದಿದೆ ನೋಡಿ. ನೀವು ಆನ್ ಮಾಡಿದಾಗಲೆಲ್ಲ ಹೊಸ ಬಾಲ ಅಂಟಿಸ್ತಾನೆ." ಅವರ ಬೆರಳು ಓಡುತ್ತಲೇ ಇತ್ತು. "ಫೈಲುಗಳನ್ನ ಜೋಡಿಸೋ ಎಕ್ಸ್‌ಟೆನ್ಷನ್ ಅಂತ ಹೆಸರು. ನಾಲ್ಕಾರು ಫೈಲು ಸೇರಿಸಿ ಒಂದು ಮಾಡೋದು."

"ಇದು ಯಾವಾಗ ಬಂದದ್ದು ಅಂತ ಗೊತ್ತಾಗತ್ತಾ?"

"ಫೋಲ್ಡರ್ ಹುಟ್ಟಿದ ತಾರೀಕು ಇರತ್ತಲ್ಲ." ಗದ್ದ ಎತ್ತಿ ಓದಿದರು. "ಜನವರಿ ಇಪ್ಪತ್ತೊಂದು. ಮಧ್ಯಾಹ್ನ ಎರಡು ನಲವತ್ತು."

ಜನವರಿ ಇಪ್ಪತ್ತೊಂದರಂದು ಇವರು ನಾಲ್ಕನೇ ವಾರ್ಡಿನಲ್ಲಿದ್ದರು, ಮೂಗಿನಲ್ಲಿ ನಳಿಗೆ. ನಾನು ಸ್ನಾನಕ್ಕೆಂದು ಮನೆಗೆ ಬಂದಿದ್ದೆ. ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಬೇಕು, ಸ್ಕ್ಯಾನ್ ರಿಪೋರ್ಟುಗಳನ್ನೆಲ್ಲ ಸೇರಿಸಿ ಒಂದೇ ಫೈಲಾಗಿ ಮೂರು ಗಂಟೆಯೊಳಗೆ ಕಳಿಸಿ ಅಂತ ಡಾಕ್ಟರು ಹೇಳಿದ್ದರು. ಒದ್ದೆ ತಲೆಯಲ್ಲೇ ಕೂತು ಹುಡುಕಿದ್ದೆ. ಮೊದಲು ಕಂಡದ್ದನ್ನು ಒತ್ತಿದ್ದೆ. ಸೇರಿಸಬೇಕೇ? ಹೌದು. ಅನುಮತಿಸುವಿರಾ? ಹೌದು. ಮುಂದೆ, ಮುಂದೆ, ಒಪ್ಪಿದ್ದೇನೆ. ಅವತ್ತು ಅದು ನನ್ನ ಬಲಗೈ ಕೇಳಿದ್ದರೂ ಕೊಟ್ಟಿರುತ್ತಿದ್ದೆ.

"ಮೂಲೆಯಲ್ಲಿ ಬರೋ ಚಿಕ್ಕ ಜಾಹೀರಾತು ಬೇರೆ," ಡಾಕ್ಟ್ರಮ್ಮ ಇನ್ನೂ ಹೇಳುತ್ತಿದ್ದರು. "ಈ ಹದಿನೇಳು ಸೈಟಿಗೆ ಯಾರೋ ಅನುಮತಿಸಿ ಅಂತ ಒತ್ತಿದ್ದಾರೆ. ಈ ತಿಂಗಳೇ."

"ಅದು ನಮ್ಮ ಮನೆಯವರಿರಬೇಕು," ಅಂದೆ, ಆಸೆಯಿಂದ ಅಂದ ಹಾಗೆ ಕೇಳಿಸಿತು ನನಗೇ.

"ಇರಲಿ ಬಿಡಿ. ಬಾಗಿಲು ತೆಗೆದಿಟ್ಟವರು ಒಬ್ಬರು, ಒಳಗೆ ಬಂದವರಿಗೆ ಕುರ್ಚಿ ಕೊಟ್ಟವರು ಇನ್ನೊಬ್ಬರು. ಅನುಮತಿಸಿ, ನಿರ್ಬಂಧಿಸಿ ಅಂತ ಇಷ್ಟುದ್ದ ಬರೆದಿದ್ರೆ ಯಾರಿಗೆ ಓದೋಕಾಗತ್ತೆ?"

ಅಂಟಿಸುವವನನ್ನೂ ಬಾಲವನ್ನೂ ಹದಿನೇಳು ಕುರ್ಚಿಗಳನ್ನೂ ತೆಗೆದುಹಾಕಿ, ಮೂರು ಸಲ ಆಫ್ ಆನ್ ಮಾಡಿ ತೋರಿಸಿದರು. ನಾನು ಅವರ ಸಣ್ಣ ಸ್ಕ್ರೂಡ್ರೈವರ್ ಇಸಿದುಕೊಂಡು ಕನ್ನಡಕ ಬಿಗಿ ಮಾಡಿ, ಮೂಗಿನ ದಿಂಬು ಹತ್ತಿರಕ್ಕೆ ಬಗ್ಗಿಸಿ ಕೊಟ್ಟೆ. ಹಾಕಿಕೊಂಡು ಗದ್ದ ಕೆಳಗಿಳಿಸಿ ನೋಡಿದರು.

"ಅಯ್ಯೋ, ಎರಡು ವರ್ಷದಿಂದ ಕತ್ತು ನೋವು ಅಂತ ಮಾತ್ರೆ ತಿಂತಿದ್ದೆನಲ್ಲ!"


ಮಾರ್ಚ್ 27, ಗುರುವಾರ

ಸ್ಟೂಲು ಎಳೆದುಕೊಂಡು ಎದುರಿಗೆ ಕೂತೆ. ಇವರ ಚಹಾ ಮುಗಿಯುವವರೆಗೆ ಕಾದೆ.

"ರೀ, ಆ ಜಾಹೀರಾತು ನಿಮ್ಮಿಂದ ಬಂದದ್ದಲ್ಲ. ನಾನೇ ಹಾಕ್ಕೊಂಡಿದ್ದೆ. ನೀವು ಆಸ್ಪತ್ರೇಲಿದ್ದಾಗ."

"ಹೂಂ."

"ಅವತ್ತು ನಾನು ಬುದ್ಧಿ ಹೋಯ್ತಾ ಅಂದೆನಲ್ಲ. ಹಾಗೆ ಅನ್ನಬಾರದಿತ್ತು. ತಪ್ಪಾಯ್ತು."

"ಹೂಂ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಅಮ್ಮ ಅನ್ನುತ್ತಿದ್ದಳು. ಒಡೆದ ಮುತ್ತನ್ನು ಎದುರಿಗಿಟ್ಟುಕೊಂಡು ಕೂತ ಹಾಗಿತ್ತು. ಆ ಹೂಂ ಕ್ಷಮಿಸಿದ ಹೂಂ ಇರಬಹುದು. ಹೌದು, ಅನ್ನಬಾರದಿತ್ತು ಅನ್ನುವ ಹೂಂ ಇರಬಹುದು. ಕೊಂಬಿನ ಹೂಂ ಕೂಡ ಇರಬಹುದು. ಯಾವುದೆಂದು ಕೇಳಿದರೆ ಅದಕ್ಕೂ ಹೂಂ ಅನ್ನುತ್ತಾರೆ.

ಇವರು ಕಿಟಕಿಯ ಕಡೆ ತಿರುಗಿದರು. ಎದುರು ಮನೆಯವನು ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದ, ಗೇಟಿಗೆ ತಾಗಿಸಿದ. ಇವರ ಬಲಗಾಲು ತಾನಾಗಿ ನೆಲವನ್ನು ಒತ್ತಿತು.

ಲ್ಯಾಪ್‌ಟಾಪನ್ನು ಮತ್ತೆ ಮೇಜಿನ ಮೇಲಿಟ್ಟೆ. ಮುಟ್ಟಬೇಡಿ ಅಂತ ಹೇಳಲಿಲ್ಲ.


ಏಪ್ರಿಲ್ 2, ಬುಧವಾರ

ಚಿತ್ರಗಳು ಈಗ ಬರಿ ಚಿತ್ರಗಳಾಗಿವೆ. ಬಕೆಟ್ಟು ಬಕೆಟ್ಟೇ, ಅದರ ಮೇಲೆ ಯಾರ ತಲೆಯೂ ಇಲ್ಲ. ಅದಕ್ಕೆ ಮಾತು ಬಂತೆಂದಲ್ಲ. ಏಳು ದಿನದಲ್ಲಿ "ಬ" ಬಂದಿದೆ, "ಬ" ಅಷ್ಟೇ. ಬೀಗಕ್ಕೂ ಬ, ಬಕೆಟ್ಟಿಗೂ ಬ, ಕತ್ತರಿಗೂ ಬ.

ಇವತ್ತು ಒಂಬತ್ತನೇ ಚಿತ್ರಕ್ಕೆ ಹೊಸ ಪೆಟ್ಟಿಗೆಯೊಂದು ತೆರೆದುಕೊಂಡಿತು. ಆ ಚಿತ್ರಗಳ ಸೈಟಿನದೇ. "ಈ ಸೈಟು ನಿಮಗೆ ಸೂಚನೆಗಳನ್ನು ಕಳಿಸಲು ಬಯಸುತ್ತದೆ." ಅನುಮತಿಸಿ, ನಿರ್ಬಂಧಿಸಿ. ನಾನು ಅಭ್ಯಾಸಬಲದಿಂದ ಕೈ ಚಾಚಿದೆ. ಇವರು ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದರು. ಬಿಗಿಯಾಗಿ. ಹಿಡಿದು ಪಕ್ಕಕ್ಕೆ ಇಟ್ಟರು.

ಪೆಟ್ಟಿಗೆಯನ್ನು ನೋಡಿದರು. ಮೊದಲ ಗುಂಡಿ, ಎರಡನೇ ಗುಂಡಿ, ಮತ್ತೆ ಮೊದಲನೆಯದು. ಒಲೆಯ ಮೇಲೆ ಹಾಲಿತ್ತು. ಎದ್ದು ಹೋಗಬೇಕು ಅನಿಸಿತು, ಮಣಿಕಟ್ಟಿನ ಮೇಲೆ ಬೆರಳಿನ ಗುರುತು ಇನ್ನೂ ಬೆಚ್ಚಗಿತ್ತು, ಕೂತೆ.

"ಬ," ಅಂದರು. "ಬ. ಬೇ."

ನಾನು ಬಾಯಿ ತೆರೆದು ಮುಚ್ಚಿಕೊಂಡೆ.

"ಬೇಡ," ಅಂದರು. ಆಮೇಲೆ ತಡೆಯಲಾರದ ಹಾಗೆ, ಪಕ್ಕದ ಸೀಟಿನಿಂದ ಕೂಗುವ ಹಳೆಯ ದನಿಯಲ್ಲೇ, "ಬೇಡ ಬೇಡ ಬೇಡ ಬೇಡ!" ಎರಡನೇ ಗುಂಡಿ ಒತ್ತಿದರು. ಪೆಟ್ಟಿಗೆ ಹೋಯಿತು.

ಇಪ್ಪತ್ತೆರಡು ವರ್ಷದಲ್ಲಿ ಇವರು ಅತಿ ಹೆಚ್ಚು ಆಡಿದ ಮಾತು ಅದೇ ಇರಬೇಕು. ಹಾಲು ಉಕ್ಕಿತು. ಉಕ್ಕಲಿ ಅಂತ ಇಬ್ಬರೂ ನಕ್ಕೆವು.

ಮೇಡಂಗೆ ಫೋನು ಮಾಡಿದೆ. ಸಂತೋಷಪಟ್ಟರು, ಜೊತೆಗೇ ಎಚ್ಚರಿಕೆಯನ್ನೂ ಹೇಳಿದರು. "ಇದು ಬಾಯಿಪಾಠದ ಮಾತಿರಬಹುದು. ಬಂದ ದಾರಿ ಯಾವುದಾದ್ರೂ ಸರಿ, ಬಳಸಿ. ಆದ್ರೆ ಈಗ ಎಲ್ಲದಕ್ಕೂ ಬೇಡ ಅಂದ್ರೆ ಆಶ್ಚರ್ಯಪಡಬೇಡಿ."


ಏಪ್ರಿಲ್ 5, ಶನಿವಾರ

ಸೂಪು ಬೇಡ. ಸ್ವೆಟರ್ ಬೇಡ. ಸ್ನಾನ ಬೇಡ. ಬೂದು ಶರ್ಟು ಬೇಡ.

"ಮತ್ತೇನು ಬೇಕು?" ಅಂತ ಕೂಗಿದೆ.

"ಬೇಡ."

ಹೂಂ ಕಾಲವೇ ಚೆನ್ನಾಗಿತ್ತು ಅನಿಸಿದ್ದು ಸುಳ್ಳಲ್ಲ. ಊಟ ಒಂದು ಗಂಟೆ ಹಿಡಿಯಿತು. ಬೀರು ತೆರೆದು ಎರಡು ಶರ್ಟು ಎತ್ತಿ ಹಿಡಿದೆ, ಅಂಗಡಿಯಲ್ಲಿ ಮಸೂರ ಬದಲಾಯಿಸಿ ಹಿಡಿಯುವ ಹಾಗೆ. ಇದು ಸರಿಯಾ, ಇದಾ? ಮತ್ತೊಮ್ಮೆ ನೋಡಿ, ಇದಾ, ಇದಾ? ನೀಲಿಯ ತೋಳು ಹಿಡಿದೆಳೆದರು. ಬೂದು ಬಣ್ಣ ಇವರಿಗೆ ಯಾವತ್ತೂ ಇಷ್ಟವಿರಲಿಲ್ಲ ಅನ್ನುವ ಹಾಗೆ ಬಿಸಾಡಿದರು ಅದನ್ನು. ನಾನು ತಂದ ಶರ್ಟು ಅದು, ಆರು ವರ್ಷ ಹಾಕಿದ್ದಾರೆ.


ಏಪ್ರಿಲ್ 13, ಭಾನುವಾರ

ನಿನ್ನೆಯೇ ಬ್ಯಾಗು ತುಂಬಿಟ್ಟಿದ್ದೆ. ಮಾತ್ರೆ ಡಬ್ಬಿ, ನಾಲ್ಕು ಜೊತೆ ಬಟ್ಟೆ, ಊರುಗೋಲು. ಹಾಸಿಗೆಯ ಹೊಸ ಹೊದಿಕೆಯೊಂದನ್ನು ನನಗೆ ಅಂತ ತೆಗೆದಿಟ್ಟುಕೊಂಡಿದ್ದೆ. ಯಾರಿಗೂ ಹೇಳದ ಮಾತು, ಇಲ್ಲಿ ಬರೆಯಬಹುದು: ಬೆಳಿಗ್ಗೆಯಿಂದ ಗಡಿಯಾರ ನೋಡುತ್ತಿದ್ದೆ.

ನಾದಿನಿ ಹನ್ನೊಂದಕ್ಕೆ ಬಂದಳು. "ಹೊರಡೋಣವಾ ಅಣ್ಣ?"

"ಬೇಡ."

ಅವಳು ನಕ್ಕು ಬ್ಯಾಗು ಎತ್ತಿಕೊಂಡಳು. "ಎಲ್ಲದಕ್ಕೂ ಬೇಡ ಅಂತಾನೆ ಅಂತ ನೀವೇ ಫೋನಲ್ಲಿ ಹೇಳಿದ್ರಲ್ಲ ಅತ್ತಿಗೆ. ಬಾ ಅಣ್ಣ, ಕಾರು ಕಾಯ್ತಿದೆ."

"ಬೇಡ." ಇವರು ಕುರ್ಚಿಯ ತೋಳು ಹಿಡಿದುಕೊಂಡರು. ಬಲಗೈಯಿಂದ, ಅರ್ಧ ಬಂದ ಕೈಯಿಂದ.

ಅವಳು ಹೇಳಿದ್ದು ನಿಜವೇ. ಅದೇ ಬೇಡವನ್ನು ಇವರು ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷಿಗೂ ಅಂದಿದ್ದರು. ನಾನು ಸುಮ್ಮನಿದ್ದಿದ್ದರೆ ಆಗಿಹೋಗುತ್ತಿತ್ತು. ಅವಳು ಕರೆದುಕೊಂಡು ಹೋಗುತ್ತಿದ್ದಳು, ನಾನು ಹೊಸ ಹೊದಿಕೆ ಹಾಸಿ ಮಲಗುತ್ತಿದ್ದೆ.

"ಒಂದು ನಿಮಿಷ," ಅಂದೆ. ಎದುರಿಗೆ ಸ್ಟೂಲು ಹಾಕಿಕೊಂಡು ಕೂತೆ. "ರೀ, ಇಲ್ಲೇ ಇರ್ತೀರಾ?"

ತಡವಾಗಿ ಬಂತು. "ಹೂಂ."

"ತಂಗಿ ಮನೆಗೆ?"

"ಬೇಡ."

"ನಾನು ಕೆಲಸಕ್ಕೆ ಹೋದ್ರೆ ಹಗಲೆಲ್ಲ ಒಬ್ಬರೇ. ಪರವಾಗಿಲ್ವಾ?"

ಇದಕ್ಕೆ ಬಹಳ ಹೊತ್ತು ತೆಗೆದುಕೊಂಡರು. ಕೆಳಗೆ ಕಾರಿನವನು ಹಾರ್ನ್ ಒತ್ತಿದ. ನಾದಿನಿ ಏನೋ ಹೇಳಹೊರಟಳು, ಅವಳ ಕೈ ಹಿಡಿದೆ. "ಹೂಂ," ಅಂದರು ಇವರು.

"ಅತ್ತಿಗೆ, ಇದೂ ಸುಮ್ಮನೆ ಅಂದದ್ದಿರಬಹುದಲ್ಲ?" ಅಂದಳು ಅವಳು. "ಬಿದ್ದುಗಿದ್ದರೆ?"

ಅವಳಿಗೆ ಹೇಗೆ ತೋರಿಸುವುದೋ ತಿಳಿಯಲಿಲ್ಲ. ಇವರ ಕಡೆ ತಿರುಗಿ, ಮೇಡಂ ಕೇಳಿದ್ದನ್ನೇ ಕೇಳಿದೆ. "ರೀ, ನಿಮ್ಮ ತಲೆ ಮೇಲೆ ಎರಡು ಕೊಂಬಿದೆಯಾ?"

ಇವರು ನನ್ನನ್ನು ನೋಡಿದರು. ಹುಬ್ಬು ಗಂಟಿಕ್ಕಿತು. ತುಟಿ ಏನನ್ನೋ ಹುಡುಕಿತು, ಸಿಗಲಿಲ್ಲ, ಇನ್ನೊಂದು ಕಡೆಯಿಂದ ಹುಡುಕಿತು. ಎಡಗೈ ಎತ್ತಿ ಬೆರಳನ್ನು ನನ್ನ ಹಣೆಯ ಕಡೆ ತೋರಿಸಿದರು.

"ನಿಂಗೆ," ಅಂದರು.

ನಾದಿನಿ ಬ್ಯಾಗನ್ನು ಕೆಳಗಿಟ್ಟಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಸೆರಗಿನಲ್ಲಿ ಮುಖ ಮುಚ್ಚಿಕೊಂಡದ್ದರಿಂದ ಕಾಣಲಿಲ್ಲ. "ಇವನು ನಮ್ಮಣ್ಣನೇ," ಅಂದಳು. "ಆಯ್ತು ಬಿಡಿ. ನಾನೇ ಬರ್ತೀನಿ ಮಧ್ಯಾಹ್ನ, ಊಟದ ಹೊತ್ತಿಗೆ. ಮಗಳು ಸಂಜೆವರೆಗೆ ಕಾಲೇಜಲ್ಲಿರ್ತಾಳೆ, ನನಗೂ ಮನೇಲಿ ಗೋಡೆ ನೋಡಿ ನೋಡಿ ಸಾಕಾಗಿದೆ."

ಅವಳು ಹೋದ ಮೇಲೆ ಬ್ಯಾಗು ಬಿಚ್ಚಿ ಬಟ್ಟೆ ಮತ್ತೆ ಬೀರುವಿನಲ್ಲಿ ಜೋಡಿಸಿದೆ. ಖುಷಿಯಾಯಿತಾ ಅಂದರೆ ಹೇಳಲಾರೆ. ಸುಸ್ತಾಗಿದೆ. ಹೊಸ ಹೊದಿಕೆಯನ್ನು ಇಬ್ಬರೂ ಮಲಗುವ ಹಾಸಿಗೆಗೇ ಹಾಸಿದೆ, ತೆಗೆದದ್ದು ತೆಗೆದಾಗಿತ್ತಲ್ಲ.


ಏಪ್ರಿಲ್ 21, ಸೋಮವಾರ

ಕೆಲಸಕ್ಕೆ ಹೋದೆ. ಹದಿನಾಲ್ಕು ಜೋಡಿ ಕಣ್ಣು. ಕಾಲು ಊದಿದೆ. ಮನೆಗೆ ಬಂದಾಗ ಇವರು ನಿದ್ದೆಯಲ್ಲಿದ್ದರು, ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೇ ಇತ್ತು. ಇಪ್ಪತ್ತರಲ್ಲಿ ಇಪ್ಪತ್ತೂ ಚಿತ್ರ ಮುಗಿದಿತ್ತು. ಎಷ್ಟಕ್ಕೆ ಹೆಸರು ಹೇಳಿದರೋ ನೋಡಿದವರಿಲ್ಲ.


ಏಪ್ರಿಲ್ 24, ಗುರುವಾರ

ಯಜಮಾನಿ ಇವತ್ತು ಕೇಳಿದರು. "ಒಬ್ಬೊಬ್ಬರಿಗೆ ಇಪ್ಪತ್ತೈದು ನಿಮಿಷ ತಗೋತಿದ್ದೀಯಲ್ಲ, ಮುಂಚೆ ಹದಿನೈದರಲ್ಲಿ ಮುಗಿಸ್ತಿದ್ದೆ. ಕೈ ಹಿಡೀತಿದೆಯಾ?" ರಜದ ಜಡ್ಡು ಇರಬೇಕು, ಸರಿಹೋಗುತ್ತದೆ ಅಂದೆ. ಗಿರಾಕಿಗಳು ಯೋಚನೆ ಮಾಡಿ ಹೇಳುತ್ತಾರೆ, ನಾನೇನು ಮಾಡಲಿ.


ಏಪ್ರಿಲ್ 29, ಮಂಗಳವಾರ

ಅಂಗಡಿಯಲ್ಲೇ ಕೂತು ಬರೆಯುತ್ತಿದ್ದೇನೆ, ಊಟದ ಬಿಡುವು.

ಹನ್ನೆರಡರ ಹೊತ್ತಿಗೆ ಒಬ್ಬರು ವಯಸ್ಸಾದ ಹೆಂಗಸಿಗೆ ಪರೀಕ್ಷೆ ನಡೆಯುತ್ತಿತ್ತು. ಅವರ ಮೂಗಿನ ಮೇಲೆ ಪರೀಕ್ಷೆಯ ಭಾರವಾದ ಚೌಕಟ್ಟು, ಎಡಗಣ್ಣು ಮುಚ್ಚಿತ್ತು. ಜೇಬಿನಲ್ಲಿ ಫೋನು ಅದುರಿತು. ತೆಗೆದು ನೋಡಿದರೆ ಇವರ ನಂಬರು. ಜನವರಿಯಿಂದ ಆ ನಂಬರಿನಿಂದ ಕರೆ ಬಂದದ್ದೇ ಇಲ್ಲ. ನನ್ನ ಫೋಟೋ ಒತ್ತಿದರೆ ಸಾಕು ಅನ್ನುವ ಹಾಗೆ ನಾದಿನಿ ಮಾಡಿಟ್ಟಿದ್ದಳಂತೆ, ಈಗಷ್ಟೇ ಅವಳನ್ನು ಕೇಳಿ ತಿಳಿದುಕೊಂಡೆ.

ಆಗ ಅದೆಲ್ಲ ಗೊತ್ತಿರಲಿಲ್ಲ. ಬಿದ್ದರು ಅಂದುಕೊಂಡೆ. ಅದಾದ ಮೇಲೆ, ಆ ಕೆಂಪು ಪರದೆ ಮತ್ತೆ ಬಂದು ಕಿರುಚುತ್ತಿದೆ ಅಂದುಕೊಂಡೆ.

"ಹಲೋ? ಏನ್ರೀ?"

ಉಸಿರು ಕೇಳಿಸುತ್ತಿತ್ತು. ಹಿಂದೆ ಏನೂ ಕಿರುಚುತ್ತಿರಲಿಲ್ಲ. ನೆಲದ ಮೇಲೆ ಕುರ್ಚಿ ಸರಿದ ಸದ್ದು ಬಂತು, ಅಂದರೆ ಕೂತಿದ್ದಾರೆ. ಗಿರಾಕಿಗೆ ಒಂದು ನಿಮಿಷ ಎಂದು ಕೈಸನ್ನೆ ಮಾಡಿದೆ. ಅವರಿಗೆ ಕಂಡಿತೋ ಇಲ್ಲವೋ, ಕೈ ಮಡಿಲಲ್ಲಿಟ್ಟುಕೊಂಡು ಕೂತರು.

"ಯಾ," ಅಂದರು ಇವರು.

ಬೀದಿಯಲ್ಲಿ ಒಂದು ಲಾರಿ ಹೋಯಿತು. ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಯಾವ." ಮತ್ತೆ ಉಸಿರು. "ಯಾವಾಗ?"

"ಆರೂವರೆಗೆ ಬರ್ತೀನಿ," ಅಂದೆ.

"ಹೂಂ," ಅಂದು ಇಟ್ಟುಬಿಟ್ಟರು.

ಫೋನು ಜೇಬಿಗೆ ಹಾಕಿ ಮುಂದಿನ ಮಸೂರ ಎತ್ತಿಕೊಂಡೆ. ಒರೆಸಿದೆ, ಮತ್ತೊಮ್ಮೆ ಒರೆಸಿದೆ. "ಎಲ್ಲಾ ಸರಿ ಇದೆ ತಾನೇನಮ್ಮ?" ಅಂತ ಆ ಹೆಂಗಸು ಕೇಳಿದರು.

"ಸರಿ ಇದೆ," ಅಂದೆ. "ಮನೆಯವರು. ಯಾವಾಗ ಬರ್ತೀಯ ಅಂತ ಕೇಳ್ತಿದ್ರು."